ವಾಚನಾಲಯದ ಮುಚ್ಚಿಗೆ

ಬುಧವಾರ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಬನ್ನಂಜೆಯ ಆ ಮನೆಯ ಗೇಟು ತೆರೆದು ಒಳಗೆ ಬಂದ ಹುಡುಗಿ ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡಿದ್ದಳು. ಕುಶಲಾ ಟೀಚರ್ ಅದನ್ನು ಕಂಡವರೇ ಹೆಸರನ್ನೂ ಕೇಳದೆ, "ಬಾ ಮಗಾ, ಮೊದಲು ಕೂತುಕೋ. ನೀರು ಕುಡಿ. ಮೇಲಿನಿಂದ ಅವರನ್ನು ನಾನೇ ಕರೆಯುತ್ತೇನೆ," ಎಂದರು.

'ಅವರು' ಎಂದರೆ ಮಹಡಿಯಲ್ಲಿದ್ದ ಪ್ರೆಸಿಲ್ಲಾ ಡಿ'ಅಲ್ಮೇಡಾ. ಮೂವತ್ತೊಂದು ವರ್ಷ ವಿಮಾ ಕಂಪೆನಿಗಳಿಗೆ ಸರ್ವೇಯರ್ ಆಗಿದ್ದವರು. ಮಲ್ಪೆಯಲ್ಲಿ ಮುಳುಗಿದ ಬೋಟು, ಬೆಂಕಿ ಬಿದ್ದ ಅಂಗಡಿ, ಕುಸಿದ ಗೋಡೆ, ಎಲ್ಲಿ ಏನೇ ಆದರೂ ಅಲ್ಲಿ ಹೋಗಿ ನಿಂತು, ನೋಡಿ, 'ಇದು ಹೀಗೆ ಆಯಿತು' ಎಂದು ಹೇಳುವುದೇ ಅವರ ಕೆಲಸವಾಗಿತ್ತು. ನಿವೃತ್ತರಾಗಿ ಆರು ವರ್ಷ ಕಳೆದರೂ ಜನ ಹುಡುಕಿಕೊಂಡು ಬರುವುದು ನಿಂತಿರಲಿಲ್ಲ. ಕೆಳಗಿನ ಮನೆಯಲ್ಲಿದ್ದ ಕುಶಲಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಕಾರು ಓಡಿಸುವವರು ಅವರು, ಟಿಪ್ಪಣಿ ಬರೆದುಕೊಳ್ಳುವವರು ಅವರು, ಪ್ರೆಸಿಲ್ಲಾ ಊಟ ಮರೆತರೆ ನೆನಪಿಸುವವರೂ ಅವರೇ.

ಹುಡುಗಿಯ ಹೆಸರು ರೀನಾ. ಪ್ರೆಸಿಲ್ಲಾ ಇಳಿದು ಬಂದದ್ದೇ ಕೊಂಕಣಿಯಲ್ಲಿ ಶುರುಮಾಡಿದವಳು, ಟೀಚರ ಮುಖ ನೋಡಿ ಕನ್ನಡಕ್ಕೆ ಬಂದಳು.

"ನನ್ನ ಪಪ್ಪ ಲೂಯಿಸ್ ಅಂತ, ಪಡುಮಜಲಿನಲ್ಲಿ ಮೇಸ್ತ್ರಿ. ನಮ್ಮ ನಗರಸಭೆಯ ವಾಚನಾಲಯದ ಮುಚ್ಚಿಗೆ ಬಿದ್ದು ಇಂಜಿನಿಯರ್ ಜಿತೇಂದ್ರ ಅವರಿಗೆ ಪೆಟ್ಟಾಗಿದೆ, ಆಂಟಿ. ಏಪ್ರಿಲಿನಲ್ಲಿ ಅಲ್ಲಿ ಹಂಚು ಸರಿಮಾಡಿ ಮೂರು ಹೊಸ ಹಲಗೆ ಹೊಡೆದದ್ದು ಪಪ್ಪ. ಅವರು ಹತ್ತಿ ಕುಟ್ಟಿದ್ದಕ್ಕೇ ಉಳಿದ ಹಲಗೆ ಎಲ್ಲ ಸಡಿಲ ಆಯ್ತು ಅಂತ ಈಗ ಊರೇ ಹೇಳ್ತಾ ಉಂಟು."

ಪಡುಮಜಲು ಹಿರಿಯಡ್ಕ ದಾಟಿ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಊರು. ಮೂರು ವರ್ಷದ ಹಿಂದಷ್ಟೇ ಅದರ ಪುರಸಭೆ ನಗರಸಭೆಯಾಗಿತ್ತು. ವಾಚನಾಲಯದ ಕಟ್ಟಡಕ್ಕೆ ಎಂಬತ್ತು ವರ್ಷ. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಮಾಡಿನ ಕೆಳಗೆ ಮರದ ಮುಚ್ಚಿಗೆ. ಅದನ್ನು ರಿಪೇರಿ ಮಾಡಿಸಬೇಕೋ ಕೆಡವಬೇಕೋ ಎಂದು ಮಂಗಳವಾರದ ಸಭೆಯಲ್ಲಿ ತೀರ್ಮಾನ ಆಗಬೇಕಿತ್ತು. ಅದರ ಹಿಂದಿನ ದಿನ, ವಾಚನಾಲಯದ ವಾರದ ರಜೆಯಾದ ಸೋಮವಾರ, ಮಧ್ಯಾಹ್ನ ಮೂರೂಮುಕ್ಕಾಲಿಗೆ ಯಾರೋ ಆಂಬ್ಯುಲೆನ್ಸಿಗೆ ಫೋನು ಮಾಡಿದರು. ಆಂಬ್ಯುಲೆನ್ಸು ಬಂದಾಗ ಬಾಗಿಲು ತೆರೆದಿತ್ತು. ಒಳಗೆ ಬಿದ್ದ ಹಲಗೆಗಳ ನಡುವೆ ಜಿತೇಂದ್ರ ಪ್ರಜ್ಞೆಯಿಲ್ಲದೆ ಮಲಗಿದ್ದರು. ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಸಭೆ ಶುಕ್ರವಾರಕ್ಕೆ ಹೋಗಿದೆ. ಆವತ್ತೇ ಪಪ್ಪನ ಮೇಲೆ ಕೇಸು ಹಾಕಿಸ್ತಾರಂತೆ. ನಿನ್ನೆಯಿಂದ ಪಪ್ಪ ಒಂದು ತುತ್ತು ತಿನ್ನಲಿಲ್ಲ. 'ನನ್ನದೇ ಮೊಳೆ ಗಿಡ್ಡ ಆಯ್ತೋ ಏನೋ' ಅಂತ ಒಂದೇ ಮಾತು. ನಲವತ್ತು ವರ್ಷ ಕೆಲಸ ಮಾಡಿದವರು, ಆಂಟಿ. ಅವರಿಗೇ ಅವರ ಕೈಯ ಮೇಲೆ ನಂಬಿಕೆ ಹೋದರೆ..."

"ಫೋನು ಮಾಡಿದ್ದು ಯಾರಂತೆ?" ಪ್ರೆಸಿಲ್ಲಾ ಕೇಳಿದರು.

"ಅದೇ ಗೊತ್ತಿಲ್ಲ."

"ಒಬ್ಬನ ಜೀವ ಉಳಿಸಿ ಓಡಿಹೋದವರು ಯಾರಪ್ಪ!" ಪ್ರೆಸಿಲ್ಲಾ ಕನ್ನಡಕ ಒರೆಸಿಕೊಂಡರು. "ಕುಶಲಾ, ಕಾರು ತೆಗೆಯುವುದಾ?"

*

ದಾರಿಯಲ್ಲೇ ಮಣಿಪಾಲ. ಆಸ್ಪತ್ರೆಯಲ್ಲಿ ಜಿತೇಂದ್ರರ ಬಲಗಾಲಿಗೆ ಪ್ಲಾಸ್ಟರು, ತಲೆಗೆ ಬ್ಯಾಂಡೇಜು. ಐವತ್ತರ ಹತ್ತಿರದ, ಬಳಲಿದ ಮುಖದ ಮನುಷ್ಯ.

"ಭಾನುವಾರ ರಾತ್ರಿ ಬಂಗುಡೆ ಮೀನಿನ ಸಾರಿನಲ್ಲಿ ಊಟ ಮಾಡಿದ್ದು ನೆನಪುಂಟು ಮೇಡಂ. ಅದರ ಮುಂದಿನದು ಈ ಮೇಲಿನ ಫ್ಯಾನು. ನಡುವೆ ಎಂತದೂ ಇಲ್ಲ. ಆ ದಿನ ಇನ್ನು ನೆನಪಾಗಲಿಕ್ಕಿಲ್ಲ ಅಂತ ಡಾಕ್ಟರು ಹೇಳಿದ್ದಾರೆ."

"ಲೂಯಿಸ್ ಮೇಸ್ತ್ರಿಯ ಕೆಲಸ ಹೇಗೆ?"

ಜಿತೇಂದ್ರ ಕಣ್ಣು ಮುಚ್ಚಿಕೊಂಡರು. "ನಡು ಅಂಕಣದ ಒಂದು ಜಂತಿಯ ತುದಿಗೆ ಗೆದ್ದಲು ಹಿಡಿದಿದೆ, ಬದಲಿಸಬೇಕು ಅಂತ ಅವರು ಏಪ್ರಿಲಿನಲ್ಲೇ ಹೇಳಿದ್ದರು. ಮಳೆಗಾಲ ಮುಗಿಯಲಿ ಅಂದವನು ನಾನು. ನಗರಸಭೆಗೆ ಒಟ್ಟು ನಲವತ್ತೊಂದು ಕಟ್ಟಡ. ಶಾಲೆ, ಅಂಗನವಾಡಿ, ಮಾರುಕಟ್ಟೆ, ನೀರಿನ ಟಾಂಕಿ. ಇಂಜಿನಿಯರ್ ನಾನೊಬ್ಬ. ಮೇಸ್ತ್ರಿ ಎಚ್ಚರಿಸಿದ್ದರು ಅಂತ ಹೇಳಿದರೆ ಪೊಲೀಸರು ತಲೆಗೆ ಪೆಟ್ಟು ಬಿದ್ದವನ ಮಾತು ಅಂತ ಬರೆದುಕೊಳ್ಳುವುದಿಲ್ಲ."

ಹೊರಡುವಾಗ ಅವರ ಹೆಂಡತಿ ಮಡಿಸಿದ ಬಟ್ಟೆಯೊಂದನ್ನು ತಂದುಕೊಟ್ಟರು. ಹೊಸ ಶಾಲು, ಕಡು ಕೆಂಪು, ಹಳದಿ ಅಂಚು. "ಇವರ ತಲೆಯಡಿಗೆ ಇತ್ತಂತೆ. ಆಂಬ್ಯುಲೆನ್ಸಿನವರದ್ದು ಅಂದುಕೊಂಡಿದ್ದೆ. ಅವರು ತಮ್ಮದಲ್ಲ ಅಂತಾರೆ."

ಆಂಬ್ಯುಲೆನ್ಸಿನ ನರ್ಸ್ ಡೆನ್ವರ್ ಆಸ್ಪತ್ರೆಯ ಅಂಗಳದಲ್ಲೇ ಸಿಕ್ಕಿದ. ಕರೆ ಬಂದದ್ದು ವಾಚನಾಲಯದ ಫೋನಿನಿಂದ. ದಾರಿ ಕೇಳಲಿಕ್ಕೆ ಅದೇ ನಂಬರಿಗೆ ತಿರುಗಿ ಫೋನು ಮಾಡಿದವನು ಅವನೇ.

"ಗಂಡಸಿನ ಸ್ವರ, ಮೇಡಂ. 'ಒಬ್ಬರು ಬಿದ್ದಿದ್ದಾರೆ, ಕಾಲು ಮುರಿದಿದೆ, ಬೇಗ ಬನ್ನಿ ಮಾರಾಯ್ರೆ. ಎದುರಿನ ರಸ್ತೆ ಅಗೆದಿದ್ದಾರೆ, ಹಿಂದಿನ ಗೇಟಿನಿಂದ ಬನ್ನಿ' ಅಂದರು. ಅಳುವ ಹಾಗಿತ್ತು."

"ನೀವು ಎತ್ತುವಾಗ ಅವರ ಮೈಮೇಲೆ ಹಲಗೆ ಇತ್ತಾ?"

ಡೆನ್ವರ್ ಸ್ವಲ್ಪ ಯೋಚಿಸಿದ. "ಇಲ್ಲ. ಹಲಗೆಗಳ ಮೇಲೆ ಅಂಗಾತ ಬಿದ್ದಿದ್ದರು. ಅಂಗಿಯ ಬೆನ್ನು ಪೂರ್ತಿ ಧೂಳು."

"ಎದೆಯ ಕಡೆ?"

"ಬಿಳಿ ಅಂಗಿ. ಎದೆಯ ಕಡೆ ಬಿಳಿಯಾಗಿಯೇ ಇತ್ತು."

ಪ್ರೆಸಿಲ್ಲಾ ಕಾರಿನಲ್ಲಿ ಕೂತ ಮೇಲೆ, "ಅದನ್ನು ಅವನು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ ಕುಶಲಾ," ಎಂದರು. ಕುಶಲಾ ಬರೆದುಕೊಂಡರು. ಆದರೆ ಅದರಲ್ಲಿ ಏನಿದೆ ಎಂದು ಅವರಿಗೆ ಹೊಳೆಯಲಿಲ್ಲ.

*

ಪಡುಮಜಲಿನ ಸಬ್ ಇನ್ಸ್‌ಪೆಕ್ಟರ್ ಅಕ್ಷಿತ್ ಒಂದು ಕಾಲದಲ್ಲಿ ಕುಶಲಾ ಟೀಚರ ವಿದ್ಯಾರ್ಥಿ. ಅವರನ್ನು ಕಂಡದ್ದೇ ಟೋಪಿ ಕಳಚಿದ. "ನೀವು ಅಂದರೆ ಇಲ್ಲ ಅನ್ನಲಿಕ್ಕೆ ಆಗ್ತದಾ, ಟೀಚರ್? ಆದರೆ ಏನನ್ನೂ ಕದಲಿಸಬೇಡಿ," ಎಂದು ವಾಚನಾಲಯದ ಬೀಗ ತೆಗೆದ.

ಒಳಗೆ ಹಾಲ್‌ನ ಮೂರು ಅಂಕಣಗಳಲ್ಲಿ ನಡುವಿನದರ ಮುಚ್ಚಿಗೆ ಕೆಳಗೆ ಬಂದಿತ್ತು. ಹಲಗೆ, ಜಂತಿಯ ತುಂಡು, ಎಂಬತ್ತು ವರ್ಷದ ಧೂಳು. ಮೇಲೆ ನೋಡಿದರೆ ಹಂಚಿನ ಸಂದಿಯಲ್ಲಿ ಬೆಳಕು. ಅಂಕಣದ ಅಂಚಿನಲ್ಲಿ ಮೂರು ಹೊಸ ಹಲಗೆಗಳು ಮಾತ್ರ ಅಲುಗದೆ ನಿಂತಿದ್ದವು.

"ಲೂಯಿಸರದ್ದು," ಎಂದು ತೋರಿಸಿದವರು ಗ್ರಂಥಪಾಲಕಿ ಹರ್ಷಿಣಿ. ನಲವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ಒಂದು ಕಡತ. "ಮೂರು ವರ್ಷದಲ್ಲಿ ಒಂಬತ್ತು ಪತ್ರ ಬರೆದಿದ್ದೇನೆ ಮೇಡಂ, ಈ ಮುಚ್ಚಿಗೆ ನೋಡಿ ಅಂತ. ಹೋದ ವಾರ ಜಿತೇಂದ್ರರ ಎದುರೇ ನಿಂತು, 'ಯಾರಾದರೂ ಸತ್ತ ಮೇಲೆ ಬರ್ತೀರಾ?' ಅಂತ ಕೇಳಿದೆ. ನಾಲಿಗೆ ಕಚ್ಚಿಕೊಳ್ಳುವ ಹಾಗಾಗಿದೆ ಈಗ."

ಕುಶಲಾ ಅವರನ್ನೇ ನೋಡಿದರು. ಕೀಲಿಕೈ ಇರುವ, ಕೋಪವೂ ಇರುವ ಹೆಂಗಸು. ಸಂಶಯಪಡಲಿಕ್ಕೆ ಮನಸ್ಸು ಬಾರದಿದ್ದರೂ ಸಂಶಯ ಬಂತು.

ಪ್ರೆಸಿಲ್ಲಾ ಮೇಲೆ ನೋಡಿದ್ದು ಒಂದೇ ಸಲ. ಆಮೇಲೆ ನೋಡಿದ್ದೆಲ್ಲ ಕೆಳಗೆ. ಪತ್ರಿಕೆಗಳ ಸ್ಟ್ಯಾಂಡಿನಲ್ಲಿ ಭಾನುವಾರದ ಪತ್ರಿಕೆಗಳು ಬೂದು ಬಣ್ಣಕ್ಕೆ ತಿರುಗಿದ್ದವು. ಕಿಟಕಿಯ ಕೆಳಗಿನ ಮೇಜಿನ ಮೇಲೂ ಬೆರಳು ಹುದುಗುವಷ್ಟು ಧೂಳು. ಆ ಧೂಳಿನ ಮೇಲೆ ಸೋಮವಾರ, ಮಂಗಳವಾರ, ಬುಧವಾರದ ಪತ್ರಿಕೆಗಳು ಒಂದರ ಮೇಲೊಂದು ಬಿದ್ದಿದ್ದವು.

"ಪೇಪರಿನವರು ಬೆಳಿಗ್ಗೆ ಆರಕ್ಕೇ ಕಿಟಕಿಯ ಸರಳಿನೊಳಗೆ ತೂರಿಸಿ ಹೋಗ್ತಾರೆ," ಎಂದರು ಹರ್ಷಿಣಿ. "ರಜೆ ಇದ್ದರೂ ಹಾಕ್ತಾರೆ."

ಪ್ರೆಸಿಲ್ಲಾ ಅಕ್ಷಿತನ ಅಪ್ಪಣೆ ಕೇಳಿ ಮೂರನ್ನೂ ಒಂದೊಂದಾಗಿ ಎತ್ತಿ, ಮುಖಪುಟದ ಮೇಲೆ ಬೆರಳಾಡಿಸಿ, ಕುಶಲಾ ಕೈಗೆ ಕೊಟ್ಟರು. ಓದುವ ಚಟ ಬಿಡಲಾರದ ಕುಶಲಾ ನಿಂತಲ್ಲೇ ಮಂಗಳವಾರದ್ದರ ಒಳಪುಟ ತಿರುಗಿಸಿದರು. ಪಡುಮಜಲಿನ ಮಹಿಳಾ ಮಂಡಳಿಯಿಂದ ಸೋಮವಾರ ಬೆಳಿಗ್ಗೆ ವಾರ್ಡು ಸದಸ್ಯ ಶ್ರವಣರಿಗೆ ಸನ್ಮಾನ. ಹೊಸ ನೀರಿನ ಪೈಪಿನ ಕೆಲಸ ಶುರುಮಾಡಿಸಿದ್ದಕ್ಕೆ. ಚಿತ್ರದಲ್ಲಿ ಹೆಗಲಿಗೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ನಗುವ ತರುಣ.

ನಡು ಅಂಕಣದ ಹಲಗೆಗಳ ಸಂದಿಯಲ್ಲಿ, ಕೆಂಪು ನೆಲದ ಮೇಲೆ ನಾಲ್ಕು ಕಡೆ ಮೇಜಿನ ಕಾಲು ಸವೆದ ಬಿಳಿ ಗುರುತುಗಳಿದ್ದವು. "ಇಲ್ಲಿ ಎಂತ ಇತ್ತು?"

"ಮಕ್ಕಳ ಮೇಜು. ಅದರ ಜಾಗವೇ ಅದು," ಎಂದು ಹರ್ಷಿಣಿ ಬೆರಗಾದರು. ಮಕ್ಕಳ ಗಿಡ್ಡ ಮೇಜು ಆಚೆ ಗೋಡೆಗೆ ಒತ್ತಿ ನಿಂತಿತ್ತು. ಅದರ ಮೇಲೂ ಧೂಳು ಸಮನಾಗಿ ಕೂತಿತ್ತು. "ಭಾನುವಾರ ಐದಕ್ಕೆ ನಾನು ಹೊರಡುವಾಗ ನಡುವೆಯೇ ಇತ್ತು. ಬೀಗ ಹಾಕಿದ್ದು ಶೀನ."

ಶೀನ ವಾಚನಾಲಯದ ಅಟೆಂಡರು. ನಿವೃತ್ತಿಗೆ ಎರಡು ತಿಂಗಳು ಬಾಕಿ. ಬಾಗಿಲ ಬಳಿ ಹೆಗಲ ಮೇಲಿನ ಬೈರಾಸು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಾ ನಿಂತಿದ್ದ. ಅಂಗೈಗೆ ಬಟ್ಟೆಯ ಪಟ್ಟಿ.

"ಕೈಗೆ ಎಂತ ಆಯ್ತು ಶೀನಣ್ಣ?" ಪ್ರೆಸಿಲ್ಲಾ ಕೇಳಿದರು.

"ದೋಟಿಯ ಕೊಕ್ಕೆಯಲ್ಲಿ ತೆಂಗಿನಕಾಯಿ ಎಳೆಯುವಾಗ ತರಚಿತು, ಬಾಯಮ್ಮ," ಎಂದು ಅವನು ಕೈ ಹಿಂದೆ ಮಾಡಿಕೊಂಡ.

ಆಮೇಲೆ ಪ್ರೆಸಿಲ್ಲಾ ಬಗ್ಗಿ, ಹಲಗೆಗಳ ನಡುವಿನಿಂದ ಕರವಸ್ತ್ರದಲ್ಲಿ ಏನನ್ನೋ ಎತ್ತಿ ಅಕ್ಷಿತನಿಗೆ ಕೊಟ್ಟರು. ಬೆರಳುದ್ದದ ಕಪ್ಪು ರಬ್ಬರಿನ ಬುಷ್. ಹಿಂದಿನ ಜಗಲಿಗೆ ಹೋಗಿ ಅಲ್ಲಿ ಗೋಡೆಗೆ ತೂಗುಹಾಕಿದ್ದ ಅಲ್ಯೂಮಿನಿಯಂ ಏಣಿಯ ಕಾಲುಗಳನ್ನು ನೋಡಿದರು. ಒಂದು ಕಾಲಿಗೆ ಅಂಥದೇ ಬುಷ್ ಇತ್ತು. ಇನ್ನೊಂದು ಬೋಳು.

ಅವರು ಹಾಲ್‌ಗೆ ಮರಳಿದಾಗ ಬಾಗಿಲಲ್ಲಿ ಪತ್ರಿಕೆಯ ಚಿತ್ರದ ತರುಣನೇ ನಿಂತಿದ್ದ. ಚಿತ್ರದಲ್ಲಿದ್ದ ನಗು ಮಾತ್ರ ಇರಲಿಲ್ಲ.

"ಇನ್ನೂ ಎಂತ ನೋಡಲಿಕ್ಕೆ ಉಂಟು ಇಲ್ಲಿ?" ಎಂದ ಶ್ರವಣ್. "ಹಳೆಯ ಮೀನು ಮಾರುಕಟ್ಟೆಯ ಗೋಡೆ ನನ್ನ ಅಮ್ಮನ ಭುಜದ ಮೇಲೆ ಬಿತ್ತು. ಎಂಟು ವರ್ಷ ಆಯ್ತು, ಇವತ್ತಿಗೂ ಅವರಿಗೆ ಬಲಗೈಯಲ್ಲಿ ಬುಟ್ಟಿ ಎತ್ತಲಿಕ್ಕೆ ಆಗುವುದಿಲ್ಲ. ಆವತ್ತೂ ರಿಪೇರಿ, ರಿಪೇರಿ ಅಂತಲೇ ಹೇಳ್ತಾ ಇದ್ದರು. ಕೆಡವಿ ಹೊಸದು ಕಟ್ಟಿ ಅಂತ ನಾನು ಹೇಳಿದರೆ ಈ ಹರ್ಷಿಣಿ ಮೇಡಂಗೆ ಸಿಟ್ಟು." ಮಾತು ಜೋರಾಗಿತ್ತು, ಕಣ್ಣು ಮಾತ್ರ ಹಲಗೆಗಳ ಕಡೆ ಹೋಗುತ್ತಿರಲಿಲ್ಲ. ಹೊರಡುವಾಗ ತಗ್ಗಿದ ಸ್ವರದಲ್ಲಿ ಕೇಳಿದ, "ನೀವು ಮಣಿಪಾಲಕ್ಕೆ ಹೋಗಿದ್ದಿರಂತೆ ಅಲ್ವಾ? ಅವರ ಕಾಲು ಸರಿಯಾಗ್ತದಾ?"

"ಆಗ್ತದೆ," ಎಂದರು ಪ್ರೆಸಿಲ್ಲಾ.

ಬನ್ನಂಜೆಗೆ ಮರಳುವಾಗ ಪರ್ಕಳದ ಹತ್ತಿರ ಕುಶಲಾಗೆ ತಡೆಯಲಾಗಲಿಲ್ಲ. "ಯಾರು ಅಂತ ಗೊತ್ತಾಯ್ತಾ?"

"ಯಾರು ಅಂತ ಗೊತ್ತಾಯ್ತು. ಹೇಗೆ ಹೇಳುವುದು ಅಂತ ಗೊತ್ತಾಗುತ್ತಿಲ್ಲ," ಎಂದರು ಪ್ರೆಸಿಲ್ಲಾ. "ಮೂವರು ಮನುಷ್ಯರು ಮೂರು ಮನೆಯಲ್ಲಿ ನಿದ್ದೆ ಬಿಟ್ಟು ಕೂತಿದ್ದಾರೆ ಕುಶಲಾ. ಪ್ರತಿಯೊಬ್ಬರೂ ತಾನೇ ಮಾಡಿದ್ದು ಅಂದುಕೊಂಡಿದ್ದಾರೆ."

*

ಶುಕ್ರವಾರ ಹತ್ತು ಗಂಟೆಗೆ, ನಗರಸಭೆಯ ಸಭೆಗೆ ಒಂದು ತಾಸು ಮೊದಲು, ಎಲ್ಲರೂ ವಾಚನಾಲಯದಲ್ಲಿ ಸೇರಿದರು. ಹಾಗೆ ಸೇರಿಸಿದವನು ಅಕ್ಷಿತ್. ನಗರಸಭೆಯ ಅಧ್ಯಕ್ಷೆ, ಐದಾರು ಸದಸ್ಯರು, ಹರ್ಷಿಣಿ, ಶ್ರವಣ್ ಕುರ್ಚಿಗಳಲ್ಲಿ ಕೂತರು. ಶೀನ ಬಾಗಿಲಲ್ಲೇ ನಿಂತ. ಲೂಯಿಸ್ ಮೇಸ್ತ್ರಿ ಮಗಳ ಕೈ ಹಿಡಿದು ಬಂದು, ತನ್ನ ಮೂರು ಹಲಗೆಗಳನ್ನು ತಲೆಯೆತ್ತಿ ನೋಡಿದರು. ನೋಡಿದ ಕೂಡಲೇ ಯಾರೋ ಗದರಿದ ಹಾಗೆ ಕಣ್ಣು ಇಳಿಸಿಕೊಂಡರು.

ಪ್ರೆಸಿಲ್ಲಾ ಎದ್ದು ನಿಂತರು. "ನಾನು ಹೇಳುವುದು ತಪ್ಪಿದ್ದರೆ ನಡುವೆಯೇ ತಿದ್ದಿ. ಮೊದಲ ಪ್ರಶ್ನೆ: ಈ ಮುಚ್ಚಿಗೆ ಬಿದ್ದದ್ದು ಯಾವಾಗ?"

"ಸೋಮವಾರ ಮಧ್ಯಾಹ್ನ ಮೂರೂಮುಕ್ಕಾಲಿನ ಹೊತ್ತಿಗೆ," ಎಂದರು ಅಧ್ಯಕ್ಷೆ. "ಊರಿಗೇ ಗೊತ್ತುಂಟಲ್ಲ."

"ಇಷ್ಟು ಧೂಳು ಬಿದ್ದರೆ ಇಡೀ ಹಾಲ್ ತುಂಬುತ್ತದೆ. ತುಂಬಿದೆ. ಭಾನುವಾರದ ಪತ್ರಿಕೆ ಧೂಳಿನಡಿಗೆ ಇದೆ. ಸೋಮವಾರದ ಪತ್ರಿಕೆ ಬೆಳಿಗ್ಗೆ ಆರಕ್ಕೆ ಈ ಮೇಜಿಗೆ ಬಿದ್ದದ್ದು. ಮುಚ್ಚಿಗೆ ಅದೇ ದಿನ ಮಧ್ಯಾಹ್ನ ಬಿದ್ದಿದ್ದರೆ ಅದರ ಮೇಲೂ ಧೂಳು ಕೂರಬೇಕಿತ್ತು. ಅದು ಧೂಳಿನ ಮೇಲೆ ಬಿದ್ದಿತ್ತು, ಮುಖಪುಟ ಹೊಚ್ಚ ಹೊಸದರ ಹಾಗೆ. ಅಂದ ಮೇಲೆ ಮುಚ್ಚಿಗೆ ಬಿದ್ದದ್ದು ಭಾನುವಾರ ಸಂಜೆ ಐದರಿಂದ ಸೋಮವಾರ ಬೆಳಿಗ್ಗೆ ಆರರೊಳಗೆ. ಆಗ ಜಿತೇಂದ್ರ ತಮ್ಮ ಮನೆಯಲ್ಲಿದ್ದರು."

ಅಕ್ಷಿತ್ ಹಣೆ ಒತ್ತಿಕೊಂಡ. "ನಾವು ಮೇಲೆಯೇ ನೋಡ್ತಾ ಇದ್ದೆವು, ಟೀಚರ್," ಎಂದು ಕುಶಲಾರ ಕಿವಿಯಲ್ಲಿ ಗೊಣಗಿದ.

"ಎರಡನೆಯದು. ಆಂಬ್ಯುಲೆನ್ಸಿನವರು ಎತ್ತುವಾಗ ಜಿತೇಂದ್ರರ ಬೆನ್ನಿಗೆ ಧೂಳು, ಎದೆ ಬಿಳಿ. ಅವರು ಹಲಗೆಯ ಅಡಿಗೆ ಇರಲಿಲ್ಲ, ಮೇಲೆ ಇದ್ದರು. ಮುಚ್ಚಿಗೆ ಅವರ ಮೇಲೆ ಬೀಳಲೇ ಇಲ್ಲ. ಲೂಯಿಸ್ ಬಾಬಾ, ಕೇಳಿಸಿತಾ? ನಿಮ್ಮ ಹಲಗೆ ಮೂರೂ ಮೇಲೆಯೇ ಇದ್ದಾವೆ. ಬಿದ್ದದ್ದು ನೀವು ಬದಲಿಸಬೇಕು ಅಂತ ಹೇಳಿದ ಜಂತಿಯ ಹಲಗೆಗಳು. ಅದರ ತುದಿ ನೋಡಿ, ಬೆರಳಲ್ಲಿ ಒತ್ತಿದರೆ ಹುಡಿಯಾಗುತ್ತದೆ."

ಲೂಯಿಸ್ ಮಗಳ ಕೈ ಬಿಟ್ಟು ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡರು.

"ಇನ್ನು ಭಾನುವಾರ ಸಂಜೆಯ ಮಾತು. ಮುಚ್ಚಿಗೆ ತಾನಾಗಿ ಬೀಳಲಿಲ್ಲ. ಬೀಳುವ ಮೊದಲು ಯಾರೋ ಮಕ್ಕಳ ಮೇಜನ್ನು ನಡುವಿನಿಂದ ಎತ್ತಿ ಗೋಡೆಗೆ ಇಟ್ಟಿದ್ದಾರೆ. ಬೀಳುತ್ತದೆ ಅಂತ ಗೊತ್ತಿದ್ದವರು. ಕೆಡಿಸಬೇಕು ಅಂತ ಬಂದವರು ಮಕ್ಕಳ ಮೇಜಿನ ಚಿಂತೆ ಮಾಡುವುದಿಲ್ಲ. ಹರ್ಷಿಣಿ ಐದಕ್ಕೆ ಹೊರಟರು. ಉಳಿದವರು ಒಬ್ಬರೇ. ಐದು ದಿನದಿಂದ ಕೆಮ್ಮುತ್ತಿದ್ದಾರೆ, ಅಂಗೈ ತರಚಿದೆ. ದೋಟಿಯಿಂದಲೇ ತರಚಿದ್ದು, ಅದು ಸುಳ್ಳಲ್ಲ. ಆದರೆ ಎಳೆದದ್ದು ತೆಂಗಿನಕಾಯಿ ಅಲ್ಲ, ಅಲ್ವಾ ಶೀನಣ್ಣ?"

ಶೀನ ಹೊಸ್ತಿಲಲ್ಲೇ ಕೂತ.

"ಒಂದು ಹಲಗೆ ಒಂದೇ ಮೊಳೆಯಲ್ಲಿ ನೇತಾಡುತ್ತಾ ಇತ್ತು, ಬಾಯಮ್ಮ. ಮಕ್ಕಳು ಕೂರುವಲ್ಲೇ. ಇಂಜಿನಿಯರಿಗೆ ಎರಡು ಸಲ ಫೋನು ಮಾಡಿದೆ, ಹೋಗಲಿಲ್ಲ. ಪಕ್ಕದ ಮೈದಾನದಲ್ಲಿ ವಾಲಿಬಾಲಿನ ಮೈಕು, ನಾನು ಕೂಗಿದರೂ ಯಾರಿಗೆ ಕೇಳಬೇಕು? ಅದೊಂದನ್ನು ಎಳೆದು ಹಾಕುವ ಅಂತ ದೋಟಿಯ ಕೊಕ್ಕೆ ಹಾಕಿದೆ. ಒಂದು ಎಳೆದರೆ ಹತ್ತು ಬಂತು. ಅಪ್ಪಣೆ ಇಲ್ಲದೆ ಕಟ್ಟಡ ಮುಟ್ಟಬಾರದು ಅಂತ ನನಗೆ ಮೊದಲೇ ಒಂದು ನೋಟೀಸು ಉಂಟು, ಸೋರುವ ಹಂಚು ನಾನೇ ಸರಿಮಾಡಿದ್ದಕ್ಕೆ. ಹೆದರಿ ಬೀಗ ಹಾಕಿ ಹೋದೆ. ಮಂಗಳವಾರ ಮೇಡಂಗೆ ಹೇಳುವುದು ಅಂತ ಇದ್ದೆ. ಅಷ್ಟರಲ್ಲಿ..." ಅವನು ಬೈರಾಸಿನಲ್ಲಿ ಮುಖ ಒರೆಸಿಕೊಂಡ. "ನಾನು ಮೇಲೆ ಬಿಟ್ಟ ಹಲಗೆ ಒಂದು ಅವರ ತಲೆಗೆ ಬಿತ್ತು ಅಂತ ಐದು ದಿನದಿಂದ ಸಾಯ್ತಾ ಇದ್ದೇನೆ. ಬೀಳಲಿಲ್ಲವಾ? ನಿಜವಾಗಿ ಬೀಳಲಿಲ್ಲವಾ?"

"ನಿಜವಾಗಿ ಬೀಳಲಿಲ್ಲ."

ಹರ್ಷಿಣಿ ಎದ್ದು ಹೋಗಿ ಅವನ ಪಕ್ಕದಲ್ಲಿ ಹೊಸ್ತಿಲ ಮೇಲೆಯೇ ಕೂತರು. ತಾನು ಎರಡು ದಿನ ಈ ಹೆಂಗಸಿನ ಮೇಲೆ ಸಂಶಯಪಟ್ಟೆನಲ್ಲ ಎಂದು ಕುಶಲಾಗೆ ನಾಚಿಕೆಯಾಯಿತು.

"ಹಾಗಾದರೆ ಜಿತೇಂದ್ರರಿಗೆ ಎಂತ ಆದದ್ದು?" ಅಧ್ಯಕ್ಷೆ ಕೇಳಿದರು.

"ಏಣಿಯಿಂದ ಬಿದ್ದರು. ಏಣಿಯ ಒಂದು ಕಾಲಿನ ಬುಷ್ ಈ ಹಲಗೆಗಳ ಸಂದಿಯಲ್ಲಿ ಸಿಕ್ಕಿತು, ಧೂಳಿನ ಮೇಲೆಯೇ. ಅಂದರೆ ಏಣಿ ಇಟ್ಟದ್ದು ಮುಚ್ಚಿಗೆ ಬಿದ್ದ ಮೇಲೆ. ಸಭೆಗೆ ಮೊದಲು ಜಂತಿಯನ್ನು ಕಣ್ಣಾರೆ ನೋಡಬೇಕು ಅಂತ ಜಿತೇಂದ್ರ ಕಚೇರಿಯ ಕೀಲಿಕೈ ತಂದು ಹತ್ತಿದ್ದಾರೆ. ಬುಷ್ ಕಳಚಿ ಏಣಿ ಜಾರಿದೆ. ಆದರೆ ಕಾಲು ಮುರಿದು ಪ್ರಜ್ಞೆ ತಪ್ಪಿದವರು ಏಣಿಯನ್ನು ಹಿಂದಿನ ಜಗಲಿಗೆ ಒಯ್ದು ತೂಗುಹಾಕುವುದಿಲ್ಲ. ಜೊತೆಗೆ ಒಬ್ಬರಿದ್ದರು. ಊರೆಲ್ಲ 'ಮುಚ್ಚಿಗೆ ಬಿತ್ತು' ಅನ್ನುವಾಗ ಫೋನಿನಲ್ಲಿ 'ಒಬ್ಬರು ಬಿದ್ದಿದ್ದಾರೆ' ಅಂದವರು."

ಪ್ರೆಸಿಲ್ಲಾ ಕೈಚೀಲದಿಂದ ಕೆಂಪು ಶಾಲನ್ನು ತೆಗೆದು, ಬಿಡಿಸಿ, ಮೇಜಿನ ಮೇಲೆ ಹಾಸಿದರು. ಪಕ್ಕದಲ್ಲಿ ಮಂಗಳವಾರದ ಪತ್ರಿಕೆಯ ಒಳಪುಟ ಇಟ್ಟರು. ಅದೇ ಕೆಂಪು, ಅದೇ ಹಳದಿ ಅಂಚು.

"ಓಡಿಹೋಗುವ ಗಡಿಬಿಡಿಯಲ್ಲೂ ಇದನ್ನು ಮಡಿಸಿ ಗಾಯಾಳುವಿನ ತಲೆಯಡಿಗೆ ಇಟ್ಟವರು ಕೆಟ್ಟ ಮನುಷ್ಯರಲ್ಲ," ಎಂದಷ್ಟೇ ಹೇಳಿ ಕೂತುಬಿಟ್ಟರು. ಯಾರ ಕಡೆಗೂ ಬೆರಳು ತೋರಿಸಲಿಲ್ಲ.

ಶ್ರವಣ್ ತಾನಾಗಿಯೇ ಎದ್ದ.

"ಅವರನ್ನು ಕರೆದುಕೊಂಡು ಬಂದವನು ನಾನು. ಒಳಗೆ ಬಂದರೆ ಮುಚ್ಚಿಗೆ ಮೊದಲೇ ಬಿದ್ದಿತ್ತು. ನೋಡಿ, ಇನ್ನು ಕೆಡವಲಿಕ್ಕೆ ಬರೆಯಿರಿ ಅಂತ ನಾನು ಹೇಳಿದೆ. ಹತ್ತಿ ನೋಡದೆ ಬರೆಯುವುದಿಲ್ಲ ಅಂದರು ಅವರು. ಏಣಿ ಹಿಡಿದಿದ್ದೆ. ನನ್ನ ಫೋನು ರಿಂಗಾಯಿತು, ಒಂದು ಕೈ ಬಿಟ್ಟೆ. ಅಷ್ಟೇ." ಅವನು ಲೂಯಿಸರ ಕಡೆ ತಿರುಗಿದ. "ಕೆಡವಬೇಕು ಅಂತ ಊರಿಡೀ ಹೇಳಿದವನು ನಾನು. ನಾನೇ ದೂಡಿದೆ ಅಂತಾರೆ ಅಂತ ಹೆದರಿ ಏಣಿ ಅಡಗಿಸಿದೆ. ಮೇಸ್ತ್ರಿಗಳೇ, ನಿಮ್ಮ ಹೆಸರು ಬಂದಾಗಲೂ ಬಾಯಿ ಬಿಡಲಿಲ್ಲ. ನಾಳೆ ಹೇಳ್ತೇನೆ, ನಾಳೆ ಹೇಳ್ತೇನೆ ಅಂತಲೇ ಐದು ದಿನ ಹೋಯಿತು."

"ಎರಡು ಕೈಯಲ್ಲಿ ಹಿಡಿದಿದ್ದರೂ ಬುಷ್ ಇಲ್ಲದ ಏಣಿ ಜಾರುತ್ತಿತ್ತೋ ಇಲ್ಲವೋ, ನಾನು ಹೇಳಲಾರೆ," ಎಂದರು ಪ್ರೆಸಿಲ್ಲಾ. "ಬಿದ್ದದ್ದು ಅಪಘಾತ. ಐದು ದಿನದ ಮೌನ ಅಪಘಾತ ಅಲ್ಲ. ಅದನ್ನು ನೀವು ಮತ್ತು ಲೂಯಿಸ್ ಬಾಬಾ ಕೂತು ಮಾತಾಡಿಕೊಳ್ಳಿ. ಅಕ್ಷಿತ್ ಹೇಳಿಕೆ ಬರೆದುಕೊಳ್ಳುತ್ತಾರೆ. ನನ್ನದು ಒಂದೇ ಪ್ರಶ್ನೆ ಬಾಕಿ ಉಂಟು. ಬೀಳುವ ಮೊದಲು ಜಿತೇಂದ್ರ ಮೇಲಿನಿಂದ ಎಂತ ಹೇಳಿದರು?"

ಕುಶಲಾಗೆ ಆಗ ಹೊಳೆಯಿತು. ಇಂಜಿನಿಯರಿಗೆ ಆ ದಿನದ ನೆನಪೇ ಇಲ್ಲ. ಅವರು ಮೇಲೆ ಕಂಡದ್ದನ್ನು ಕೇಳಿದವನು ಇವನೊಬ್ಬನೇ. ಇವನು ಏನು ಹೇಳಿದರೂ ಅದೇ ನಿಜವಾಗುತ್ತದೆ. ಇನ್ನು ಅರ್ಧ ತಾಸಿನಲ್ಲಿ ಸಭೆ.

ಶ್ರವಣ್ ತಲೆಯೆತ್ತಿ ಹಂಚಿನ ಸಂದಿಯ ಬೆಳಕನ್ನು ನೋಡಿದ.

"'ಇದೊಂದೇ ಜಂತಿ ಹೋಗಿರುವುದು ಶ್ರವಣ್, ಉಳಿದದ್ದೆಲ್ಲ ಕಲ್ಲಿನ ಹಾಗೆ ಉಂಟು. ಇದನ್ನು ಕೆಡವಿದರೆ ಪಾಪ ಬರ್ತದೆ' ಅಂದರು," ಎಂದ. "ಹಾಗೆಯೇ ಅಂದರು."

ಅವನನ್ನೇ ನೋಡುತ್ತಿದ್ದ ಹರ್ಷಿಣಿಯ ಕಣ್ಣು ತುಂಬಿತು.

*

ಸಭೆಯಲ್ಲಿ ಆ ದಿನ ತೀರ್ಮಾನ ಆಗಲಿಲ್ಲ. ಅಧ್ಯಕ್ಷೆ ಮಣಿಪಾಲಕ್ಕೆ ಫೋನು ಮಾಡಿ, ನಡೆದದ್ದನ್ನೆಲ್ಲ ಹೇಳಿ, ಹಾಗಾದರೆ ರಿಪೇರಿಗೆ ಬರೆದುಕೊಳ್ಳುವುದಾ ಎಂದು ಜಿತೇಂದ್ರರನ್ನು ಕೇಳಿದರು. ಅವರು ಮಲಗಿದಲ್ಲಿಂದಲೇ ಒಪ್ಪಲಿಲ್ಲ. "ನನಗೆ ನೆನಪಿಲ್ಲದ್ದನ್ನು ನಾನು ಹೇಗೆ ಬರೆಯಲಿ? ಲೂಯಿಸ್ ಮೇಸ್ತ್ರಿ ಹತ್ತಿ ನೋಡಿ ಹೇಳಲಿ. ಅವರು ಹೇಳಿದ್ದಕ್ಕೆ ನಾನು ಸಹಿ ಹಾಕ್ತೇನೆ. ಶೀನನ ನೋಟೀಸನ್ನೂ ವಾಪಸು ತೆಗೆದುಕೊಳ್ಳಿ. ಅದನ್ನು ಬರೆದವನು ನಾನೇ."

ಶನಿವಾರ ಬೆಳಿಗ್ಗೆ ಕುಶಲಾ, ಪ್ರೆಸಿಲ್ಲಾ ಮತ್ತೆ ಪಡುಮಜಲಿಗೆ ಹೋದರು. ಕೆಲಸವೇನೂ ಇರಲಿಲ್ಲ, ನೋಡದೆ ಇರಲಾಗಲಿಲ್ಲ, ಅಷ್ಟೇ. ಅಂಗಳದಲ್ಲಿ ನಗರಸಭೆಯ ಎಲ್ಲ ಸದಸ್ಯರೂ ಇದ್ದರು. ಶ್ರವಣನ ತಾಯಿ ಮೀನಿನ ಬುಟ್ಟಿಯನ್ನು ಎಡಗೈಯಲ್ಲಿ ಸೊಂಟಕ್ಕೆ ಒತ್ತಿಕೊಂಡು ಕಿಟಕಿಯ ಹೊರಗೆ ನಿಂತಿದ್ದರು. ಲೂಯಿಸ್ ಹೊಸ ಏಣಿಯ ಕಾಲುಗಳನ್ನು ತಾವೇ ಎರಡು ಸಲ ಅಲುಗಿಸಿ ನೋಡಿದರು. ಏಣಿಯ ಒಂದು ಬದಿ ಹಿಡಿದವನು ಶೀನ, ಇನ್ನೊಂದು ಬದಿ ಶ್ರವಣ್.

ಮೊದಲ ಮೆಟ್ಟಿಲಿಗೆ ಕಾಲಿಟ್ಟ ಮೇಸ್ತ್ರಿ ನಿಂತರು. ಕೆಳಗೆ, ಶ್ರವಣನ ಮುಖ ನೋಡಿದರು.

"ಗಟ್ಟಿ ಹಿಡಿ ಮಗಾ," ಎಂದು ಹೇಳಿ ಅವರು ಮೇಲೆ ಹತ್ತಿದರು.